ಬೆಕ್ಕು ಪರಚಿದ ಗಾಯಕ್ಕೆ ಟಿ.ಟಿ. ಒಂದೇ ಸಾಲದು

"ಟಿ.ಟಿ. ಹಾಕಿಸ್ಕೊಂಡು ಬಂದೆ, ಇನ್ನೇನೂ ಆಗಲ್ಲ ಬಿಡಿ." ಸಾಕಿದ ನಾಯಿಯ ಹಲ್ಲು ತಗುಲಿದವರು, ಬೆಕ್ಕಿನಿಂದ ಪರಚಿಸಿಕೊಂಡವರು, ಹುಂಜದ ಕಾಲುಮುಳ್ಳು ಚುಚ್ಚಿಸಿಕೊಂಡವರು ನಮ್ಮ ಕಡೆ ಹೇಳುವ ಮಾತು ಇದು. ಮೆಡಿಕಲ್ ಸ್ಟೋರಿನಲ್ಲಿ ಔಷಧಿ ಕೊಂಡು, ಪಕ್ಕದ ಕ್ಲಿನಿಕ್ಕಿನಲ್ಲಿ ತೋಳಿಗೆ ಚುಚ್ಚಿಸಿಕೊಂಡು ಬಂದರೆ ಗಾಯದ ಲೆಕ್ಕ ಚುಕ್ತಾ ಆಯಿತು ಎಂಬ ನಿರಾಳ ಆ ಮಾತಿನಲ್ಲಿದೆ. ಆ ನಿರಾಳವೇ ನನ್ನನ್ನು ಹೆದರಿಸುತ್ತದೆ. ಟಿ.ಟಿ. ಒಳ್ಳೆಯ ಲಸಿಕೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದು ಕಾಯುವುದು ಧನುರ್ವಾಯುವಿನಿಂದ ಮಾತ್ರ. ಪ್ರಾಣಿಯಿಂದಾದ ಗಾಯದಲ್ಲಿ ಇನ್ನೂ ಎರಡು ಅಪಾಯಗಳಿರಬಹುದು. ಅವಕ್ಕೂ ಟಿ.ಟಿ.ಗೂ ಯಾವ ಸಂಬಂಧವೂ ಇಲ್ಲ.

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿಯ ಕಡೆ ಹೊರಟರೆ, ಗುಡಿಬಂಡೆಗೆ ತಿರುಗುವ ದಾರಿ ಸಿಗುವುದು ಪೆರೇಸಂದ್ರದಲ್ಲಿ. ನಮ್ಮ ಈ ಸುತ್ತಿನ ಹಳ್ಳಿಗಳಲ್ಲಿ ಪ್ರಾಣಿ ಇಲ್ಲದ ಮನೆ ಕಡಿಮೆ. ಡೇರಿಗೆ ಹಾಲು ಹಾಕಲು ಸೀಮೆಹಸು, ಹಟ್ಟಿಯಲ್ಲಿ ಕುರಿ ಮೇಕೆ, ತೋಟ ಕಾಯಲು ನಾಯಿ, ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಇಲಿಯ ಕಾಟಕ್ಕೊಂದು ಬೆಕ್ಕು, ಹಿತ್ತಿಲಲ್ಲಿ ನಾಟಿಕೋಳಿ. ಇವುಗಳ ಜೊತೆ ಬದುಕುವವರಿಗೆ ದಿನಕ್ಕೊಂದು ಗೀರು, ವಾರಕ್ಕೊಂದು ಕಚ್ಚು ಸಹಜ. ಪೇಟೆಯವರಂತೆ ಪ್ರತಿಯೊಂದಕ್ಕೂ ಆಸ್ಪತ್ರೆಗೆ ಓಡಿದರೆ ಹಾಲು ಕರೆಯುವವರು ಯಾರು, ಸೊಪ್ಪು ಕೊಯ್ಯುವವರು ಯಾರು? ಆದ್ದರಿಂದ ದೊಡ್ಡ ಗಾಯವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ, ಸಣ್ಣದನ್ನು ಲುಂಗಿಯ ತುದಿಯಿಂದ ಒರೆಸಿ ಬಿಡುತ್ತೇವೆ. ದೊಡ್ಡ ಗಾಯವಾದವನು ಹೇಗೂ ಆಸ್ಪತ್ರೆ ಸೇರುತ್ತಾನೆ. ಮೋಸ ಮಾಡುವುದು ಸಣ್ಣ ಗಾಯ.

ಒಂದು ಗೀರಿನೊಳಗೆ ಮೂರು ಬೇರೆ ಬೇರೆ ಅಪಾಯಗಳು ಹೊಕ್ಕಿರಬಹುದು, ಮೂರಕ್ಕೂ ಬೇರೆ ಬೇರೆ ಗಡುವು. ಪ್ರಾಣಿಯ ಬಾಯಲ್ಲಿ, ಉಗುರಿನಲ್ಲಿ ಇರುವ ಸಾಮಾನ್ಯ ಬ್ಯಾಕ್ಟೀರಿಯಾಗಳಿಂದ ಗಾಯ ನಂಜಾಗುವುದು ಒಂದು. ಅದು ಒಂದೆರಡು ದಿನದೊಳಗೇ ಕೆಂಪಾಗಿ, ಊದಿ, ಮಿಡಿದು ತನ್ನ ಇರವನ್ನು ತಿಳಿಸುತ್ತದೆ. ಧನುರ್ವಾಯು ಇನ್ನೊಂದು, ಅದು ಸಾಮಾನ್ಯವಾಗಿ 3ರಿಂದ 21 ದಿನ ತೆಗೆದುಕೊಳ್ಳುತ್ತದೆ. ಮೂರನೆಯದು ರೇಬೀಸ್, ಹುಚ್ಚುನಾಯಿ ರೋಗ. ಅದು ಬಹುಮಟ್ಟಿಗೆ ಒಂದರಿಂದ ಮೂರು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಸದ್ದಿಲ್ಲದೆ ಇರುತ್ತದೆ. ಅಷ್ಟು ಹೊತ್ತಿಗೆ ಗಾಯ ಮಾಯ್ದು, ಕಲೆಯೂ ಮಾಸಿ, ನಾಯಿ ಪರಚಿದ್ದೇ ಮರೆತುಹೋಗಿರುತ್ತದೆ.

ಮೊದಲು ಧನುರ್ವಾಯುವನ್ನೇ ನೋಡೋಣ, ಟಿ.ಟಿ. ಬಂದಿರುವುದು ಅದಕ್ಕಾಗಿಯೇ ತಾನೆ. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಧನುರ್ವಾಯು ಬರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ತುಕ್ಕಿನಲ್ಲಿ ಅಂಥದ್ದೇನೂ ಇಲ್ಲ. ರೋಗ ತರುವ ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಮಣ್ಣಿನಲ್ಲಿ, ದನ, ಕುರಿ, ಕುದುರೆಗಳ ಸಗಣಿ ಲದ್ದಿಯಲ್ಲಿ, ಬೀದಿಯ ದೂಳಿನಲ್ಲಿ. ಮೊಳೆ ಬಿದ್ದಿರುವುದು ಆ ಮಣ್ಣಿನಲ್ಲಿ, ಅಷ್ಟೆ. ಬೆಕ್ಕು ತಿಪ್ಪೆಯನ್ನು ಕೆದರಿ ಬಂದಿರುತ್ತದೆ, ನಾಯಿ ಕೊಟ್ಟಿಗೆಯಲ್ಲಿ ಮಲಗಿ ಬಂದಿರುತ್ತದೆ, ಕೋಳಿ ಹಿತ್ತಿಲ ಮಣ್ಣನ್ನು ಕೆರೆಯುತ್ತಲೇ ಇರುತ್ತದೆ. ಅವುಗಳ ಉಗುರಿನ ಸಂದಿಯ ಮಣ್ಣು ಚರ್ಮದೊಳಕ್ಕೆ ಹೋದರೆ ಬೀಜಕಣವೂ ಹೋಗಬಹುದು. ಒಣಗಿದ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುವ ಕಣ ಅದು.

ರೋಗದ ಮೂಲ ಮಣ್ಣಿನಲ್ಲಿದೆ ಎಂದು ಮೊದಲು ತೋರಿಸಿಕೊಟ್ಟವರಲ್ಲಿ ಒಬ್ಬರು ಜರ್ಮನಿಯ ಆರ್ಥರ್ ನಿಕೊಲೈಯರ್. 1884ರಲ್ಲಿ ಅವರು ತೋಟದ ಮಣ್ಣನ್ನು ಪ್ರಾಣಿಗಳ ಚರ್ಮದಡಿ ಸೇರಿಸಿದಾಗ ಅವುಗಳಲ್ಲಿ ಧನುರ್ವಾಯು ಕಾಣಿಸಿತು. ಆದರೆ ಬ್ಯಾಕ್ಟೀರಿಯಾವನ್ನು ಬೇರೆಯಾಗಿ ಬೆಳೆಸಲು ಅವರಿಂದ ಆಗಲಿಲ್ಲ. ಬರ್ಲಿನ್ನಿನಲ್ಲಿದ್ದ ಜಪಾನಿನ ಕಿತಸಾಟೊ ಶಿಬಸಬುರೊ 1889ರಲ್ಲಿ ಆಮ್ಲಜನಕವಿಲ್ಲದ ಕಡೆ ಅದನ್ನು ಬೆಳೆಸಿ ತೋರಿಸಿದರು. ಆಮ್ಲಜನಕವಿದ್ದರೆ ಇದು ಬೆಳೆಯುವುದಿಲ್ಲ ಎಂಬ ಆ ಒಂದು ಗುಣದಿಂದಲೇ ನಮ್ಮ ಗಾಯದ ಕಥೆ ಅರ್ಥವಾಗುತ್ತದೆ. ಅಗಲವಾಗಿ ತರಚಿ ರಕ್ತ ಹರಿದ ಗಾಯದಲ್ಲಿ ಗಾಳಿಯಾಡುತ್ತದೆ, ರಕ್ತ ಕೊಳೆಯನ್ನು ತೊಳೆದು ಹಾಕುತ್ತದೆ. ಬೆಕ್ಕಿನ ಸೂಜಿಯಂಥ ಹಲ್ಲು, ಹುಂಜದ ಕಾಲುಮುಳ್ಳು, ಗುಲಾಬಿ ತೋಟದ ಮುಳ್ಳು ಇವುಗಳ ಗಾಯ ಮೇಲೆ ಚುಕ್ಕಿಯಷ್ಟು ಕಾಣುತ್ತದೆ. ಒಳಗೆ ಗಾಳಿ ಹೋಗದ ಆಳ ಇರುತ್ತದೆ. ಬೀಜಕಣ ಮೊಳೆಯಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಮೊದಲ ಮಹಾಯುದ್ಧದ ಆರಂಭದ ತಿಂಗಳುಗಳಲ್ಲಿ ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಗಾಯಗೊಂಡ ಸೈನಿಕರಿಗೆ ಧನುರ್ವಾಯು ಹೆಚ್ಚಾಗಿ ಬಂದದ್ದಕ್ಕೆ ಕಾರಣ ಅಲ್ಲಿನ ಹೊಲಗಳು. ತಲೆಮಾರುಗಳಿಂದ ಕೊಟ್ಟಿಗೆ ಗೊಬ್ಬರ ಉಂಡ ಮಣ್ಣು ಅದು. ಗಾಯವಾದ ಕೂಡಲೇ ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷದ ಸೀರಮ್ ಕೊಡಲು ಶುರುಮಾಡಿದ ಮೇಲೆ ರೋಗ ತಗ್ಗಿತು. ಚಿಂತಾಮಣಿಯ ಟೊಮೆಟೊ ತೋಟವಿರಲಿ, ಗೌರಿಬಿದನೂರಿನ ಮುಸುಕಿನ ಜೋಳದ ಹೊಲವಿರಲಿ, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟವಿರಲಿ, ನಾವು ಬರಿಗಾಲಲ್ಲಿ ತುಳಿಯುವುದೂ ಅಂಥದೇ ಮಣ್ಣು.

ಬ್ಯಾಕ್ಟೀರಿಯಾ ಗಾಯದಲ್ಲೇ ಉಳಿಯುತ್ತದೆ, ಅದು ಉಗುಳುವ ವಿಷ ಮಾತ್ರ ನರಗಳ ಗುಂಟ ಬೆನ್ನುಹುರಿಗೆ ಏರುತ್ತದೆ. ನಮ್ಮ ಸ್ನಾಯುಗಳಿಗೆ ಬಿಗಿಯಾಗು ಎನ್ನುವ ಸಂದೇಶವಿರುವಂತೆ ಸಡಿಲವಾಗು ಎನ್ನುವ ಸಂದೇಶವೂ ಇರುತ್ತದೆ. ವಿಷ ತಡೆಯುವುದು ಈ ಎರಡನೆಯದನ್ನು. ಇಳಿಜಾರಿನಲ್ಲಿ ಬ್ರೇಕ್ ಹೋದ ಲಾರಿಯಂತೆ ಆಗುತ್ತದೆ ದೇಹ. ಮೊದಲು ದವಡೆ ಬಿಗಿಯುತ್ತದೆ, ಅನ್ನ ಬಾಯಿಗಿಡಲು ಆಗುವುದಿಲ್ಲ. ಆಮೇಲೆ ಕತ್ತು, ಹೊಟ್ಟೆ, ಬೆನ್ನು. ಬಾಗಿಲು ತೆರೆದ ಸದ್ದಿಗೆ, ಲೈಟು ಹಾಕಿದ ಬೆಳಕಿಗೆ ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಇಷ್ಟಾದರೂ ರೋಗಿಗೆ ಪ್ರಜ್ಞೆ ಇರುತ್ತದೆ, ಪ್ರತಿ ಸೆಳೆತದ ನೋವೂ ತಿಳಿಯುತ್ತದೆ. ಬೆಂಗಳೂರಿನ ಹಳೇ ಮದ್ರಾಸ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ, ಜನ ಐಸೊಲೇಷನ್ ಆಸ್ಪತ್ರೆ ಎಂದು ಕರೆಯುವಲ್ಲಿ, ಇಂಥ ರೋಗಿಗಳನ್ನು ನೋಡಿಕೊಂಡು ಬಂದಿದ್ದಾರೆ. ವಾರಗಟ್ಟಲೆ ಉಸಿರಾಟದ ಯಂತ್ರ ಬೇಕಾಗಬಹುದು. ಒಳ್ಳೆಯ ಐ.ಸಿ.ಯು. ಇದ್ದರೂ ಹತ್ತರಲ್ಲಿ ಒಬ್ಬಿಬ್ಬರು ಉಳಿಯುವುದಿಲ್ಲ. ಉಳಿದವರಿಗೂ ರೋಗದಿಂದ ರಕ್ಷಣೆ ಹುಟ್ಟುವುದಿಲ್ಲ, ಲಸಿಕೆ ಹಾಕಿಸಲೇಬೇಕು. ಕಾಯಿಲೆ ತರುವಷ್ಟು ವಿಷವೂ ದೇಹಕ್ಕೆ ಅದರ ಗುರುತು ಸಿಗದಷ್ಟು ಅತ್ಯಲ್ಪ.

ಹಾಗಾದರೆ ಟಿ.ಟಿ. ಯಾರಿಗೆ ಎಷ್ಟು ಬೇಕು? ಇಲ್ಲಿ ನಮ್ಮ ಜನರಲ್ಲಿ ಎರಡು ಅತಿಗಳಿವೆ. ಒಂದು ಕಡೆ, ಟಿ.ಟಿ. ಶಕ್ತಿ ಆರೇ ತಿಂಗಳು ಎಂದು ನಂಬಿ ಪ್ರತಿ ಗೀರಿಗೂ ಚುಚ್ಚಿಸಿಕೊಳ್ಳುವವರು. ಆ ಆರು ತಿಂಗಳ ಲೆಕ್ಕ ಎಲ್ಲಿಂದ ಬಂತೋ, ವೈದ್ಯಶಾಸ್ತ್ರದಲ್ಲಂತೂ ಇಲ್ಲ. ಕನಿಷ್ಠ ಮೂರು ಡೋಸು ಕ್ರಮವಾಗಿ ಆಗಿದ್ದವರಿಗೆ, ಶುಚಿಯಾದ ಸಣ್ಣ ಗಾಯವಾದರೆ ಕೊನೆಯ ಡೋಸಿನಿಂದ ಹತ್ತು ವರ್ಷ ಕಳೆದಿದ್ದರಷ್ಟೇ ಇನ್ನೊಂದು ಬೇಕು. ಮಣ್ಣು, ಸಗಣಿ, ಎಂಜಲು ತಾಗಿದ ಗಾಯವಾದರೆ ಐದು ವರ್ಷ. ಪ್ರಾಣಿ ಕಚ್ಚಿದ್ದು ಈ ಎರಡನೆಯ ಗುಂಪಿಗೆ ಸೇರುತ್ತದೆ. ಪದೇ ಪದೇ ಹಾಕಿಸಿಕೊಂಡರೆ ಹೆಚ್ಚು ರಕ್ಷಣೆ ಸಿಗುವುದಿಲ್ಲ, ತೋಳು ಊದಿ ನೋಯುವುದಷ್ಟೇ ಲಾಭ.

ಇನ್ನೊಂದು ಕಡೆ ಇರುವವರು ನನಗೆ ಹೆಚ್ಚು ಚಿಂತೆ ತರುತ್ತಾರೆ. ದೇಶದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ, ಸಾರ್ವತ್ರಿಕವಾದದ್ದು 1985ರಿಂದ ಮುಂದೆ. ಅದಕ್ಕೆ ಮೊದಲು ಹಳ್ಳಿಯಲ್ಲಿ ಹುಟ್ಟಿದ ಬಹಳಷ್ಟು ಮಂದಿಗೆ ಮಗುವಾಗಿದ್ದಾಗಿನ ಡೋಸುಗಳು ಆಗಿಲ್ಲ. ಹೆಂಗಸರಿಗೆ ಬಸಿರಿನಲ್ಲಿ ತಾಯಿ ಕಾರ್ಡಿನ ಜೊತೆ ಟಿ.ಟಿ. ಸಿಕ್ಕಿತು. ಅದರಿಂದಲೇ, ಮತ್ತು ಆಸ್ಪತ್ರೆಯ ಹೆರಿಗೆಗಳಿಂದ, ಹೊಕ್ಕುಳಬಳ್ಳಿಯಿಂದ ನವಜಾತ ಶಿಶುಗಳಿಗೆ ಬರುತ್ತಿದ್ದ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆ ಎಂದು 2015ರಲ್ಲಿ ಘೋಷಿಸಲು ಸಾಧ್ಯವಾಯಿತು. ಅದು ನಿಜಕ್ಕೂ ದೊಡ್ಡ ಸಾಧನೆ. ಗಂಡಸರ ವಿಷಯಕ್ಕೆ ಬಂದರೆ ಹಾಗಿಲ್ಲ. ಐವತ್ತು ದಾಟಿದ, ದನ ಕುರಿ ಮೇಯಿಸುವ, ಹೊಲ ಉಳುವ ಮನುಷ್ಯನಿಗೆ ಎಂದೋ ಒಂದು ಟಿ.ಟಿ. ಬಿದ್ದಿರಬಹುದು, ಇಲ್ಲದೆಯೂ ಇರಬಹುದು. ಅಂಥವರಿಗೆ ಗಾಯವಾದ ದಿನ ಹಾಕುವ ಮೊದಲ ಡೋಸು ಆ ಗಾಯಕ್ಕೆ ನೆರವಾಗುವುದಿಲ್ಲ. ಲಸಿಕೆ ಕೊಡುವುದು ತಯಾರಾದ ರಕ್ಷಣೆಯನ್ನಲ್ಲ, ರಕ್ಷಣೆ ತಯಾರಿಸುವ ಪಾಠವನ್ನು. ಮೊದಲ ಸಲ ಆ ಪಾಠ ಕಲಿಯಲು ದೇಹಕ್ಕೆ ವಾರಗಳೇ ಬೇಕು. ಗಾಯ ಕೊಳಕಾಗಿದ್ದರೆ ಅವರಿಗೆ ಟೆಟನಸ್ ಇಮ್ಯುನೊಗ್ಲಾಬ್ಯುಲಿನ್ ಎಂಬ ತಯಾರಾದ ಪ್ರತಿವಿಷವನ್ನೂ ಕೊಡಬೇಕಾಗುತ್ತದೆ. ಆಮೇಲೆ ತಿಂಗಳ ಬಳಿಕ ಎರಡನೆಯ ಡೋಸು, ಆರು ತಿಂಗಳ ಬಳಿಕ ಮೂರನೆಯದು. ಗಾಯ ಮಾಯ್ದ ಮೇಲೆ ಆ ಎರಡಕ್ಕೆ ಹೋಗುವವರು ಎಷ್ಟು ಮಂದಿ?

ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಟಿ.ಟಿ. ಬದಲು ಟಿ.ಡಿ. ಹಾಕುತ್ತಾರೆ. ಅದರಲ್ಲಿ ಧನುರ್ವಾಯುವಿನ ಜೊತೆ ಗಂಟಲಮಾರಿಗೂ ರಕ್ಷಣೆ ಇದೆ. ಹೆಸರು ಬೇರೆಯಾಯಿತೆಂದು ಗಾಬರಿ ಬೇಡ.

ಎರಡನೆಯ ಅಪಾಯ, ನಂಜು. ಇದು ಎಲ್ಲಕ್ಕಿಂತ ಹೆಚ್ಚಾಗಿ ಆಗುವುದು, ಬೇಗ ಕಾಣುವುದು, ಬೇಗ ಹೋದರೆ ಸುಲಭವಾಗಿ ಗುಣವಾಗುವುದು. ಇಲ್ಲಿ ನಾಯಿಗಿಂತ ಬೆಕ್ಕು ಕೆಟ್ಟದ್ದು. ನಾಯಿಯ ಹಲ್ಲು ಹರಿಯುತ್ತದೆ, ಬೆಕ್ಕಿನ ಹಲ್ಲು ಚುಚ್ಚುತ್ತದೆ. ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲ ಎಂಬ ಬ್ಯಾಕ್ಟೀರಿಯಾ ಒಳಗೆ ಹೋದರೆ ಒಂದೇ ದಿನದೊಳಗೆ ಕೈ ಊದಿಕೊಳ್ಳಬಹುದು. ಬೆರಳಿನ, ಮಣಿಕಟ್ಟಿನ ಗಾಯಗಳನ್ನು ಹೆಚ್ಚು ಜೋಪಾನ ಮಾಡಬೇಕು, ಅಲ್ಲಿ ಚರ್ಮದ ಕೆಳಗೇ ಸ್ನಾಯುರಜ್ಜು, ಕೀಲುಗಳಿವೆ. ಕೆಂಪು ಹರಡುತ್ತಿದ್ದರೆ, ಕೀವು ಬಂದರೆ, ತೋಳಿನ ಮೇಲೆ ಕೆಂಪು ಗೆರೆ ಏರುತ್ತಿದ್ದರೆ, ಚಳಿಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಬದನೆಕಾಯಿ ಬಿಟ್ಟು ಪಥ್ಯ ಮಾಡಿದರೆ ನಂಜು ಇಳಿಯುವುದಿಲ್ಲ. ಮನೆಯಲ್ಲಿ ಉಳಿದಿದ್ದ ಯಾವುದೋ ಮಾತ್ರೆ ನುಂಗಿದರೂ ಪ್ರಯೋಜನವಿಲ್ಲ, ಪ್ರಾಣಿಯ ಬಾಯಿಯ ಬ್ಯಾಕ್ಟೀರಿಯಾಗಳಿಗೆ ಎಲ್ಲ ಆಂಟಿಬಯಾಟಿಕ್‌ಗಳೂ ನಾಟುವುದಿಲ್ಲ. ಶುಗರ್ ಇರುವವರು, ಲಿವರ್ ಕೆಟ್ಟವರು, ಗುಲ್ಮ ತೆಗೆಸಿಕೊಂಡವರು ಲಕ್ಷಣ ಕಾಣುವವರೆಗೂ ಕಾಯದೆ ಕಚ್ಚಿದ ದಿನವೇ ತೋರಿಸಿಕೊಳ್ಳಬೇಕು. ಅಂಥವರಲ್ಲಿ ನಾಯಿಯ ಎಂಜಲಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಜೀವಕ್ಕೆ ಎರವಾದದ್ದುಂಟು. ಬೆಕ್ಕಿನ ಮರಿ ಪರಚಿ ಎರಡು ಮೂರು ವಾರದ ಮೇಲೆ ಮಗುವಿನ ಕಂಕುಳಲ್ಲಿ ಗಂಟು ಬಂದರೆ ಅದಕ್ಕೂ ಇದಕ್ಕೂ ಸಂಬಂಧವಿರಬಹುದು. ಚಿಗಟಗಳಿಂದ ಬೆಕ್ಕಿಗೆ, ಬೆಕ್ಕಿನ ಉಗುರಿನಿಂದ ನಮಗೆ ದಾಟುವ ಬಾರ್ಟೊನೆಲ್ಲ ಎಂಬ ಬ್ಯಾಕ್ಟೀರಿಯಾ ಅದು. ಹೆಚ್ಚಿನವರಲ್ಲಿ ತಾನೇ ಇಳಿಯುತ್ತದೆ. ಆದರೂ ವೈದ್ಯರಿಗೆ ಬೆಕ್ಕಿನ ವಿಷಯ ಹೇಳಿ, ಇಲ್ಲವಾದರೆ ಅವರು ಬೇರೆ ಏನೇನನ್ನೋ ಹುಡುಕಬೇಕಾಗುತ್ತದೆ.

ಈಗ ಮೂರನೆಯದು, ರೇಬೀಸ್. 2025ರ ಜೂನ್ ಕೊನೆಯಲ್ಲಿ ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಒಬ್ಬ ಯುವ ಕಬಡ್ಡಿ ಆಟಗಾರ ರೇಬೀಸಿನಿಂದ ತೀರಿಕೊಂಡರು. ಇಪ್ಪತ್ತೆರಡರ ಪ್ರಾಯ. ಅದಕ್ಕೆ ಸುಮಾರು ಎರಡು ತಿಂಗಳ ಹಿಂದೆ ಚರಂಡಿಗೆ ಬಿದ್ದಿದ್ದ ನಾಯಿಮರಿಯನ್ನು ಎತ್ತಲು ಹೋಗಿ ಬೆರಳಿಗೆ ಕಚ್ಚಿಸಿಕೊಂಡಿದ್ದರು. ಕಬಡ್ಡಿ ಆಡುವವರ ಕೈಗೆ ಗಾಯ ಹೊಸದಲ್ಲ, ಇದೂ ಒಂದು ಎಂದು ಬಿಟ್ಟರು. ಒಳ್ಳೆಯ ಕೆಲಸ ಮಾಡಲು ಹೋದ ಹುಡುಗ, ಬೆರಳ ಮೇಲೊಂದು ಸಣ್ಣ ಗಾಯ, ಮರಿಯಲ್ಲವೇ ಎಂಬ ಭಾವನೆ. ಹೊಲದ ಬದುವಿನಲ್ಲಿ ಮರಿ ಸಿಕ್ಕರೆ ಎತ್ತಿ ಮನೆಗೆ ತರುವ ಮಕ್ಕಳು ನಮ್ಮ ಊರುಗಳಲ್ಲೂ ಎಷ್ಟೊಂದು ಇದ್ದಾರೆ ಎಂದು ಆ ಸುದ್ದಿ ಓದಿದಾಗ ನನಗೆ ಸಂಕಟವಾಯಿತು. ಮರಿಗೂ ರೇಬೀಸ್ ಬರುತ್ತದೆ.

ಕರ್ನಾಟಕದಲ್ಲಿ 2024ರಲ್ಲಿ 3.6 ಲಕ್ಷಕ್ಕೂ ಹೆಚ್ಚು ನಾಯಿ ಕಡಿತಗಳು ವರದಿಯಾದವು, ರೇಬೀಸಿನಿಂದ 42 ಮಂದಿ ಸತ್ತರು. ಮನುಷ್ಯರಲ್ಲಿ ರೇಬೀಸ್ ಕಂಡರೆ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು ಎಂದು ರಾಜ್ಯ 2022ರಲ್ಲಿ ಕಡ್ಡಾಯ ಮಾಡಿದ್ದರಿಂದ ಈ ಲೆಕ್ಕವಾದರೂ ಸಿಗುತ್ತಿದೆ. ದೇಶದ ಮಟ್ಟದಲ್ಲಿ, 2003ರಲ್ಲಿ ಬೆಂಗಳೂರಿನ ಕಿಮ್ಸ್ ವೈದ್ಯರು ಮುಂದಾಳಾಗಿದ್ದ ರೇಬೀಸ್ ತಡೆ ಸಂಘದ ಸಮೀಕ್ಷೆ ವರ್ಷಕ್ಕೆ 20,000 ಸಾವು ಎಂದು ಅಂದಾಜಿಸಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2022-23ರಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಅಂದಾಜು 5,726. ಇಳಿದಿದೆ, ನಿಜ. ಆದರೆ ಅದೇ ಸಮೀಕ್ಷೆಯಲ್ಲಿ ನಾಯಿ ಕಚ್ಚಿದವರಲ್ಲಿ ಐದಕ್ಕೆ ಒಬ್ಬರು ರೇಬೀಸ್ ಲಸಿಕೆಯ ಒಂದು ಡೋಸನ್ನೂ ಹಾಕಿಸಿಕೊಂಡಿರಲಿಲ್ಲ.

ರೋಗ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಚಿಕಿತ್ಸೆ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ರೇಬೀಸ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ. ಪೆರೇಸಂದ್ರದಿಂದ ಒಂದೆರಡು ತಾಸಿನ ದಾರಿ. ಅಲ್ಲಿ ರೋಗವನ್ನು ಖಚಿತಪಡಿಸಬಲ್ಲರು. ಆ ಹಂತದಲ್ಲಿ ರೋಗಿಯನ್ನು ಉಳಿಸಿಕೊಡುವುದು ಮಾತ್ರ ಅಲ್ಲಿಯೂ ಹೆಚ್ಚುಕಡಿಮೆ ಆಗದ ಮಾತು. ಎಲ್ಲರೂ ನೀರು ಕಂಡು ಹೆದರುತ್ತಾರೆ ಎಂದುಕೊಳ್ಳಬೇಡಿ. ಐದರಲ್ಲಿ ಒಬ್ಬರಿಗೆ ಬರೀ ಕೈಕಾಲು ಸೋಲುತ್ತಾ ಬರುತ್ತದೆ. ಅದಕ್ಕೇ ಮೊದಲ ದಿನದ ಕೆಲಸಕ್ಕೆ ಇಷ್ಟು ಬೆಲೆ.

ಆ ಮೊದಲ ಕೆಲಸ ನಡೆಯಬೇಕಾದದ್ದು ಆಸ್ಪತ್ರೆಯಲ್ಲಲ್ಲ, ಮನೆಯ ನಲ್ಲಿಯ ಕೆಳಗೆ. ಮಗುವಿನ ಬೆರಳಿಗೆ ನಾಯಿಮರಿಯ ಹಲ್ಲು ತಗುಲಿದೆ ಎನ್ನಿ. ನಲ್ಲಿ ತಿರುಗಿಸಿ ನೀರಿನ ಧಾರೆಗೆ ಬೆರಳು ಹಿಡಿಯಬೇಕು, ಸೋಪು ಹಚ್ಚಬೇಕು, ನೊರೆ ಗಾಯದ ಬಾಯೊಳಕ್ಕೆ ಇಳಿಯುವಂತೆ ಮೆಲ್ಲನೆ ಬಿಡಿಸಿ ತೊಳೆಯಬೇಕು, ಮತ್ತೆ ನೀರು, ಮತ್ತೆ ಸೋಪು. ಮೈಸೋಪಾದರೂ ಸರಿ, ಬಟ್ಟೆಸೋಪಾದರೂ ಸರಿ. ಎರಡು ನಿಮಿಷಕ್ಕೆ ಮಗು ಅಳುತ್ತದೆ, ಅಜ್ಜಿಗೆ ತಡೆಯುವುದಿಲ್ಲ. "ಸಾಕು ಬಿಡೋ, ಮಗೂಗೆ ಚಳಿ ಆಗ್ತದೆ." "ಇಲ್ಲಮ್ಮ, ಇನ್ನೂ ಐದು ನಿಮಿಷ ಆಗಿಲ್ಲ, ಹದಿನೈದು ಆಗ್ಬೇಕು." ಹೌದು, ಹದಿನೈದು ನಿಮಿಷ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ತೊಳೆಯಿರಿ. ರೇಬೀಸ್ ವೈರಸ್ಸಿನ ಹೊರಗವಚ ಕೊಬ್ಬಿನದು, ಸೋಪು ಅದನ್ನು ಕರಗಿಸಿ ವೈರಸ್ಸನ್ನು ಕೆಡಿಸುತ್ತದೆ. ಅದೇ ತೊಳೆತ ಧನುರ್ವಾಯುವಿನ ಮಣ್ಣನ್ನೂ ತೆಗೆಯುತ್ತದೆ, ನಂಜಿನ ಬ್ಯಾಕ್ಟೀರಿಯಾವನ್ನೂ ತಗ್ಗಿಸುತ್ತದೆ. ಮೂರು ಅಪಾಯಕ್ಕೂ ಒಟ್ಟಿಗೆ ಕೆಲಸ ಮಾಡುವ ಮದ್ದು ಇದೊಂದೇ, ಬೆಲೆಯೂ ಇಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ ನಮ್ಮ ಜಿಲ್ಲೆಗೆ ಹೊಸದಲ್ಲ. ಅಂದು ಡ್ರಮ್ಮಿನ ನೀರನ್ನು ಚೊಂಬಿನಲ್ಲಿ ಹೊಯ್ಯುತ್ತಾ ತೊಳೆಯಿರಿ. ಆಮೇಲೆ ಬೆಟಡೀನ್ ಇದ್ದರೆ ಹಚ್ಚಿ.

ಅರಿಶಿನ, ಸುಣ್ಣ, ಕಾಫಿಪುಡಿ, ಹೊಗೆಸೊಪ್ಪು, ಮೆಣಸಿನಪುಡಿ ಯಾವುದೂ ಬೇಡ. ಗಾಯವನ್ನು ಕೆರಳಿಸುವ ವಸ್ತು ವೈರಸ್ಸನ್ನು ಇನ್ನಷ್ಟು ಒಳಕ್ಕೆ ತಳ್ಳಬಹುದು. ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ. ಹೊಲಿಗೆಯನ್ನು ಆದಷ್ಟೂ ತಡಮಾಡುವುದು ವೈದ್ಯರ ಪದ್ಧತಿ, "ಹೊಲಿಗೆ ಹಾಕ್ಲೇ ಇಲ್ಲ" ಎಂದು ಅವರ ಮೇಲೆ ಸಿಟ್ಟಾಗಬೇಡಿ.

ಮುಂದೆ ಏನು ಎಂಬುದು ಗಾಯದ ಬಗೆಯ ಮೇಲೆ ನಿಂತಿದೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ತೊಳೆದರೆ ಸಾಕು. ರಕ್ತ ಬಾರದ ಗೀರು, ಬರಿಮೈಯನ್ನು ಮೆಲ್ಲಗೆ ಕಚ್ಚಿದ ಗುರುತು ಇದ್ದರೆ ರೇಬೀಸ್ ಲಸಿಕೆ ಬೇಕು. ಗೀರಿನಿಂದ ರಕ್ತ ಬಂದಿದ್ದರೆ, ಹಲ್ಲು ಚರ್ಮ ದಾಟಿದ್ದರೆ, ಹಳೆಯ ಗಾಯವನ್ನೋ ತುಟಿಯನ್ನೋ ಕಣ್ಣನ್ನೋ ನೆಕ್ಕಿದ್ದರೆ, ಲಸಿಕೆಯ ಜೊತೆ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಅದನ್ನು ಚುಚ್ಚುವುದು ಗಾಯದ ಒಳಗೆ ಮತ್ತು ಸುತ್ತ; ಲಸಿಕೆ ಕೆಲಸ ಶುರುಮಾಡುವವರೆಗೆ ವೈರಸ್ಸನ್ನು ಅಲ್ಲೇ ಹಿಡಿದು ನಿಲ್ಲಿಸುವುದು ಅದರ ಕೆಲಸ. ನೋವಾಗುತ್ತದೆ, ಆದರೆ ಬಿಡಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇಮ್ಯುನೊಗ್ಲಾಬ್ಯುಲಿನ್ ಇಲ್ಲದಿದ್ದರೆ ಲಸಿಕೆಯ ಮೊದಲ ಡೋಸು ಅಲ್ಲೇ ಹಾಕಿಸಿಕೊಂಡು, ತಡಮಾಡದೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಮೊದಲ ಡೋಸಿನಿಂದ ಏಳು ದಿನದವರೆಗೆ ಅದನ್ನು ಕೊಡಬಹುದು.

ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಇನ್ನೂ ಹಿರಿಯರಲ್ಲಿದೆ. ಆ ಹಳೆಯ ಲಸಿಕೆಯ ತಯಾರಿಕೆ ದೇಶದಲ್ಲಿ 2004ರಲ್ಲೇ ನಿಂತಿತು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ತೋಳಿನ ಚರ್ಮದ ಪದರಕ್ಕೆ ಒಂದೊಂದು ಹನಿಯಂತೆ ಹಾಕುತ್ತಾರೆ, ಮೊದಲ ಡೋಸಿನ ದಿನವನ್ನು ಸೊನ್ನೆ ಎಂದಿಟ್ಟುಕೊಂಡು 0, 3, 7, 28ನೆಯ ದಿನಗಳಲ್ಲಿ. ಖಾಸಗಿಯಲ್ಲಿ ತೋಳಿನ ಸ್ನಾಯುವಿಗೆ ಹಾಕಿದರೆ ಐದು ಡೋಸು, 14ನೆಯ ದಿನದ್ದೊಂದು ಹೆಚ್ಚು. ಜನ ತಪ್ಪಿಸುವುದು ಕೊನೆಯದನ್ನು, ಅಷ್ಟು ಹೊತ್ತಿಗೆ ಗಾಯ ನೆನಪಿಗೂ ಬರುವುದಿಲ್ಲ. ಹಿಂದೆ ಪೂರ್ತಿ ಕೋರ್ಸು ಮುಗಿಸಿದವರಿಗೆ ಮತ್ತೆ ಕಚ್ಚಿದರೆ ಎರಡೇ ಡೋಸು, 0 ಮತ್ತು 3ನೆಯ ದಿನ, ಇಮ್ಯುನೊಗ್ಲಾಬ್ಯುಲಿನ್ ಬೇಡ. ಹಾಗಾಗಿ ಆ ಚೀಟಿಯನ್ನು ಎಸೆಯಬಾರದು.

"ನಮ್ಮ ನಾಯಿಗೆ ಲಸಿಕೆ ಆಗಿದೆ" ಎನ್ನುವವರೂ ಇದ್ದಾರೆ. ಸಂತೋಷ. ಆದರೂ ವೈದ್ಯರಿಗೆ ತೋರಿಸಿ, ಚಿಕಿತ್ಸೆ ಶುರುಮಾಡಿ. ನಾಯಿ ಅಥವಾ ಬೆಕ್ಕನ್ನು ಹತ್ತು ದಿನ ಕಣ್ಣಿಟ್ಟು ನೋಡಿ. ಆ ಹತ್ತು ದಿನ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಎಂಜಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ, ಉಳಿದ ಡೋಸುಗಳ ವಿಷಯವನ್ನು ವೈದ್ಯರು ಆಗ ತೀರ್ಮಾನಿಸುತ್ತಾರೆ. ಹತ್ತು ದಿನ ಕಾದು ನೋಡಿ ಆಮೇಲೆ ಲಸಿಕೆ ಹಾಕಿಸೋಣ ಎನ್ನುವುದು ಮಾತ್ರ ಅಪಾಯದ ಜೂಜು. ನಾಯಿಯನ್ನು ಹೊಡೆದು ಸಾಯಿಸಿದರೆ ಏನೂ ತಿಳಿಯುವುದಿಲ್ಲ, ಜೊತೆಗೆ ಒಂದು ಜೀವ ಅನ್ಯಾಯವಾಗಿ ಹೋಗುತ್ತದೆ.

ಹೈನುಗಾರರಿಗೆ ಹೇಳಲೇಬೇಕಾದ ಮಾತೊಂದಿದೆ. ಹುಚ್ಚುನಾಯಿ ಕಚ್ಚಿದರೆ ಹಸುವಿಗೂ ರೇಬೀಸ್ ಬರುತ್ತದೆ. ನುಂಗಲಾಗದೆ ಜೊಲ್ಲು ಸುರಿಸುತ್ತದೆ, ದನಿ ಒಡೆದು ಬೇರೆ ಥರ ಕೂಗುತ್ತದೆ, ಮೇವು ಬಿಡುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದುಕೊಂಡು ಮನೆಯವರು ಬಾಯೊಳಗೆ ಕೈ ಹಾಕಿ ಹುಡುಕುತ್ತಾರೆ. ಸೊಪ್ಪು ಕೊಯ್ದು, ಹುಲ್ಲು ಹೆರೆದು ಬಿರುಕು ಬಿಟ್ಟ ಕೈ ಅದು, ಎಂಜಲೆಲ್ಲ ಆ ಬಿರುಕುಗಳಿಗೆ ಇಳಿಯುತ್ತದೆ. ಹಸು ಕಚ್ಚಿಲ್ಲ, ಪರಚಿಲ್ಲ, ಗಾಯವೇ ಆಗಿಲ್ಲ ಎಂದು ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಇಂಥ ಹಸುವಿನ ಬಾಯಿಗೆ ಕೈ ಹಾಕದೆ ಪಶುವೈದ್ಯರನ್ನು ಕರೆಸಿ. ಆಗಲೇ ಹಾಕಿಬಿಟ್ಟಿದ್ದರೆ ಸೋಪಿನಿಂದ ತೊಳೆದು ಅಂದೇ ಲಸಿಕೆಗೆ ಹೋಗಿ. ಅದರ ಹಾಲನ್ನು ಬಳಸಬೇಡಿ. ಗೊತ್ತಿಲ್ಲದೆ ಕಾಯಿಸಿದ ಹಾಲು ಕುಡಿದವರು ಹೆದರಬೇಕಿಲ್ಲ, ಕುದಿಸಿದರೆ ವೈರಸ್ ಉಳಿಯುವುದಿಲ್ಲ.

ನಮ್ಮ ಊರುಗಳ ಕ್ಲಿನಿಕ್ಕುಗಳಲ್ಲಿ, ಮೆಡಿಕಲ್ ಸ್ಟೋರುಗಳಲ್ಲಿ ಕೂರುವವರಲ್ಲಿ ನನ್ನದೊಂದು ಬೇಡಿಕೆ. "ಟಿ.ಟಿ. ಹಾಕ್ಬಿಡಿ ಸಾರ್" ಎಂದು ಬಂದವರನ್ನು ತೋಳು ಮಡಚಿಸುವ ಮೊದಲು ಗಾಯ ಹೇಗಾಯಿತು ಎಂದು ಕೇಳಿ. ಕುಡುಗೋಲು ತಗುಲಿದ್ದು ಎಂದರೆ ಒಂದು ದಾರಿ. ಬೆಕ್ಕು, ನಾಯಿ ಎಂದರೆ ಇನ್ನೊಂದು ದಾರಿ. ಆ ಪ್ರಶ್ನೆ ಕೇಳದೆ ಟಿ.ಟಿ. ಕೊಟ್ಟು ಕಳಿಸಿದರೆ ಅವರು ಎಲ್ಲ ಮುಗಿಯಿತೆಂದು ಮನೆಗೆ ಹೋಗುತ್ತಾರೆ, ರೇಬೀಸ್ ಲಸಿಕೆ ಎಂಬುದೊಂದಿದೆ ಎಂದು ಅವರಿಗೆ ಇನ್ಯಾರೂ ಹೇಳುವುದಿಲ್ಲ. ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ಬಾಣಂತಿ, ಮಗುವನ್ನು ವಿಚಾರಿಸುವ ಜೊತೆಗೆ ಮನೆಯ ಹಿರಿಯ ಗಂಡಸರ ಟಿ.ಡಿ. ಡೋಸುಗಳನ್ನೂ ಕೇಳುವಂತಾದರೆ ಇನ್ನೂ ಒಳ್ಳೆಯದು. ಅವರ ಹೆಗಲ ಮೇಲೆ ಆಗಲೇ ಎಷ್ಟೊಂದು ಹೊರೆಯಿದೆ ಎಂದು ತಿಳಿದೂ ಕೇಳುತ್ತಿದ್ದೇನೆ.

ಸಾಕಿದ ನಾಯಿ, ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸಿನ ಮೊದಲ ಲಸಿಕೆ ಹಾಕಿಸಬೇಕು. ಪಶುವೈದ್ಯರು ಹೇಳಿದ ದಿನ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ. ಮೂರು ತಿಂಗಳು ತುಂಬದ ಮರಿಗೆ ಲಸಿಕೆಯ ರಕ್ಷಣೆ ಇರುವುದಿಲ್ಲ, ಮಕ್ಕಳು ಎತ್ತಿ ಆಡುವುದು ಆ ವಯಸ್ಸಿನ ಮರಿಗಳನ್ನೇ. ಅದು ಕಚ್ಚಿದರೆ, ಪರಚಿದರೆ ಬೈಯುತ್ತಾರೆ ಎಂದು ಮಕ್ಕಳು ಮುಚ್ಚಿಡುತ್ತಾರೆ. ಮರಿಯನ್ನು ಮನೆಯೊಳಗೆ ಬಿಟ್ಟುಕೊಂಡ ದಿನವೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಷ್ಟೇ ಸಣ್ಣ ಗೀರಾದರೂ ಬಂದು ಹೇಳಪ್ಪಾ, ಬೈಯಲ್ಲ ಎಂದು ಹೇಳಿಡಿ. ಬಂದು ಹೇಳಿದ ದಿನ ನಿಜಕ್ಕೂ ಬೈಯಬೇಡಿ, ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ.